ಕರೆಂಟು ಬೇಡದ್ದೆ ಗುಡ್ಡೆ ಹತ್ತುವ ನೀರು

ಓ ಮನ್ನೆ ಒಂದು ಉಪ್ನಾನಲ್ಲಿ ಹಂತಿಲಿ ಕೂದಿಪ್ಪಗ ಹತ್ತರೆ ಕೂದ ಅತ್ತಿಗೆ ಕೇಳಿತ್ತು, “ಅಪ್ಪೋ, ನಿಂಗಳಲ್ಲಿ ಕರೆಂಟೂ ಬೇಡದ್ದೆ, ಡೀಸಿಲೂ ಬೇಡದ್ದೆ ತೋಡಿನ ನೀರು ಮನಗೆ ಹತ್ತಿ ಬತ್ತಡ?” ಹೇಳಿ. ಅಪ್ಪು ಹೇಳಿದೆ. “ಹೋಗು, ಲೊಟ್ಟೆ” ಹೇಳಿ ನೆಗೆ ಮಾಡಿತ್ತು. ಆನು ವಿವರುಸುಲೆ ಸುರು ಮಾಡುವಗ ಹೋಳಿಗೆ ಬಂತು, ಹೋಳಿಗೆಯ ಹಿಂದಂದಲೇ ತುಪ್ಪ ಬಂತು, ಮಾತು ಅಲ್ಲಿಗೇ ನಿಂದತ್ತು. ಒಳುದ್ದರ ಇಲ್ಲಿ ಬರೆತ್ತಾ ಇದ್ದೆ. ಅತ್ತಿಗೆ ಓದುಗು ಹೇಳಿ ಗೊಂತಿದ್ದು.

ಬರವಲೆ ಇನ್ನೊಂದು ಕಾರಣವೂ ಇದ್ದು. ಈ ಪಂಪಿನ ವಿಷಯ ಬಪ್ಪಗ ಎಲ್ಲೋರೂ ವಾಲ್ವು, ಪೈಪು, ಇಂಚು ಹೇಳಿಯೇ ಮಾತಾಡ್ತವು. ಗೆಂಡುಮಕ್ಕೊ ತೋಡಿನ ಕರೆಲಿ ಸುತ್ತ ನಿಂದು ನೋಡ್ತವು, ಹೆಮ್ಮಕ್ಕೊ ಮೇಲೆ ಕಾಪಿಗೆ ನೀರು ಮಡುಗುತ್ತೆಯೊ. ಎನ್ನ ಅಭಿಪ್ರಾಯ ಎಂತ ಹೇಳಿರೆ, ಕೊಡಪ್ಪಾನ ಹೊತ್ತವರ ಕೇಳದ್ದೆ ಇಂಥಾ ಪಂಪಿನ ಡಿಸೈನು ಮಾಡ್ಲೇ ಆಗ. ಎಂಗಳಲ್ಲಿ ಹಾಂಗೆ ಕೇಳದ್ದೆ ಮಾಡಿ ಆದ್ದೆಂತ ಹೇಳ್ತೆ, ಮತ್ತೆ ನಿಂಗಳೇ ಹೇಳಿ.

ಎಂಗಳ ಮನೆ ನೋಡಿದವಕ್ಕೆ ಗೊಂತಿದ್ದು. ತೋಟ ಕೆಳ, ತೋಡಿನ ಕರೆಲಿ. ಮನೆ ಗುಡ್ಡೆ ಮೇಲೆ. ನಡುಕೆ 112 ಮೆಟ್ಟು. ಮದಲಾಣವು ಹಾಂಗೆ ಮೇಲೆ ಮನೆ ಕಟ್ಟಿದ್ದು ಎಂತಕೆ ಹೇಳಿ ಮಾವನತ್ರೆ ಒಂದರಿ ಕೇಳಿತ್ತಿದ್ದೆ. ಬೆಳ್ಳಕ್ಕೆ ಹೆದರಿ ಹೇಳಿದವು. ಬೆಳ್ಳಕ್ಕೆ ಹೆದರಿದ್ದು ಸರಿಯೇ, ಆದರೆ ನೀರು ಹೊರುವವರ ಆರೂ ಕೇಳಿದ್ದವಿಲ್ಲೆ ಹೇಳಿ ಕಾಣ್ತು.

ಎನ್ನ ಅಪ್ಪನ ಮನೆ ಕಾಸರಗೋಡು ಹೊಡೆಲಿ. ಅಲ್ಲಿ ಸುರಂಗ ಇತ್ತು. ಗುಡ್ಡೆಗೆ ಅಡ್ಡಕೆ ಒಬ್ಬ ಬಗ್ಗಿ ಹೋಪಷ್ಟು ಒಟ್ಟೆ ಕೊರದು ಬಿಟ್ಟರೆ ನೀರು ಅದರಷ್ಟಕ್ಕೇ ಹೆರ ಬಪ್ಪದು. ಅಡಕ್ಕೆ ಮರದ ದಂಬೆಲಿ ಹರುದು ಬಚ್ಚಲಿಂಗೂ ಅಡಿಗೆ ಒಳಂಗೂ ಎತ್ತುಗು. ನೀರು ಹೇಳಿರೆ ಹಾಂಗೆ ಆಗಿ ಬಪ್ಪದು ಹೇಳಿಯೇ ಆನು ಗ್ರೇಶಿತ್ತಿದ್ದೆ. ಪಿಯುಸಿ ಸೈನ್ಸು ಮುಗಿಶಿ, ಮದುವೆ ಆಗಿ ಇಲ್ಲಿಗೆ ಬಂದ ಮತ್ತೆ ಗೊಂತಾತು, ನೀರು ಹೇಳಿರೆ ಸೊಂಟ ಹೇಳಿ.

ಮನೆ ಹತ್ತರೆ ಒಂದು ಬಾವಿ ಇದ್ದು. ಶಿವರಾತ್ರಿಗಪ್ಪಗ ಅದರ ಅಡಿ ಕಾಂಬಲೆ ಸುರು ಆವುತ್ತು. ಮತ್ತೆ ಮಳೆ ಬಪ್ಪಲ್ಲಿವರೆಗೆ ತೋಡೇ ಗತಿ. ತೋಟಕ್ಕೆ ಬಿಡುವ ಪಂಪಿಂದ ಮೇಲಂಗೆ ಒಂದು ಪೈಪು ಎಳದಿತ್ತಿದ್ದವು. ಓಲ್ಟೇಜು ಇಪ್ಪಗ ನೀರು ಹತ್ತುಗು. ಆದರೆ ಮಾರ್ಚಿಲಿ ಊರಿಲಿಪ್ಪವು ಎಲ್ಲೋರೂ ಅಡಕ್ಕೆಗೆ ನೀರು ಬಿಡುವಗ ಓಲ್ಟೇಜು ಎಲ್ಲಿಂದ? ಇರುಳು ಎರಡು ಗಂಟೆಗೆ ಕರೆಂಟು ಬಂದರೆ ಎರಡು ಗಂಟೆಗೆ ಏಳೆಕ್ಕು. ಬಾರದ್ದರೆ ಉದಿಯಪ್ಪಗ ಕೊಡಪ್ಪಾನ. ಆನೂ ಅತ್ತೆಯೂ ಸೇರಿ ದಿನಕ್ಕೆ 20 ಕೊಡಪ್ಪಾನ ಹೊತ್ತ ದಿನಂಗೊ ಇದ್ದು. ದನಗೊಕ್ಕೆ ಕುಡಿವಲೆ ಕೊಡದ್ದೆ ಆವುತ್ತೋ?

ಮತ್ತೆ ಬೋರು ತೆಗೆಶಿದವು. 600 ಅಡಿ ಹೋತು, ಒಂದೂವರೆ ಲಕ್ಷವೂ ಹೋತು, ಬಂದದು ಹೊಡಿ ಮಾತ್ರ. ಜಾಲಿಲಿ ಒಣಗುಸುಲೆ ಹಾಕಿದ ಅಡಕ್ಕೆ ಪೂರಾ ಬೆಳಿ ಆತು. ಆ ಹೊಡಿಯ ಉಡುಗಿದ್ದು ಆರು ಹೇಳಿ ಕೇಳೆಡಿ.

ಈ ನೀರಿನ ಪಂಪಿನ ಸುದ್ದಿ ತಂದದು ಎನ್ನ ತಮ್ಮ. ಮಡಿಕೇರಿ ಹೊಡೆಯಾಣ ಒಂದು ಕಾಪಿ ತೋಟಲ್ಲಿ ನೋಡಿದ್ದಡ. “ಅಕ್ಕಾ, ಒಂದು ಕಬ್ಬಿಣದ ಸಾಮಾನು ತೋಡಿಲಿ ಟಕ್ ಟಕ್ ಹೇಳ್ತಾ ಕೂರ್ತು, ನೀರು ಗುಡ್ಡೆ ಹತ್ತುತ್ತು” ಹೇಳಿದ. ಅದರ ಹೆಸರು ಹೈಡ್ರಾಲಿಕ್ ರಾಮ್, ಸಸಾರಕ್ಕೆ ಹೈಡ್ರಾಮ್. ರಾಮ್ ಹೇಳಿರೆ ಟಗರು. ಟಗರು ತಲೆಲಿ ಹೆಟ್ಟುತ್ತಲ್ಲದಾ, ಅದೇ ಹಾಂಗೆ ನೀರು ಹೆಟ್ಟುದು. ಅತ್ತೆ ಮಾತ್ರ ಅದರ ಇಂದಿಂಗೂ “ರಾಮನ ಪಂಪು” ಹೇಳಿಯೇ ಹೇಳುದು, ಆನು ತಿದ್ದುಲೆ ಹೋಯಿದಿಲ್ಲೆ.

ಹೊಸತ್ತು ಅಲ್ಲ ಇದು. 1772ಲಿ ಇಂಗ್ಲೆಂಡಿನ ಜಾನ್ ವೈಟ್‌ಹರ್ಸ್ಟ್ ಹೇಳ್ತವ ಇದರ ಸುರೂವಾಣ ರೂಪ ಮಾಡಿದ್ದ. ಅದರಲ್ಲಿ ನಳ್ಳಿಯ ಕೈಲಿ ತೆಗವದು, ಮುಚ್ಚುದು ಮಾಡೆಕ್ಕಾಗಿತ್ತು. 1796ಲಿ ಫ್ರಾನ್ಸಿನ ಜೋಸೆಫ್ ಮಾಂಟ್‌ಗಾಲ್ಫಿಯೆ ಅದರಷ್ಟಕ್ಕೇ ತೆಗದು ಮುಚ್ಚುವ ವಾಲ್ವು ಹಾಕಿ ಮಾಡಿದ. ಬೆಶಿಗಾಳಿ ತುಂಬುಸಿ ಬಲೂನು ಹಾರುಸಿದ ಅಣ್ಣ ತಮ್ಮಂದ್ರ ಕತೆ ಶಾಲೆಲಿ ಓದಿದ್ದೆಯೊ ಅಲ್ಲದಾ, ಅದರಲ್ಲಿ ಅಣ್ಣ ಇವ. ಅವರದ್ದು ಕಾಗದ ಮಾಡುವ ಮಿಲ್ಲು, ಅಲ್ಲಿಗೆ ನೀರು ಎತ್ತುಲೆ ಮಾಡಿದ್ದಡ. ಬಲೂನಿನ ಕತೆ ಪಾಠಲ್ಲಿ ಬಂತು, ಪಂಪಿನದ್ದು ಬೈಂದಿಲ್ಲೆ. ಮನಗೆ ಉಪಕಾರ ಅಪ್ಪದರ ಪಾಠ ಮಾಡುದು ಕಮ್ಮಿಯೇ.

ಈಗ ಅತ್ತಿಗೆಯ ಸಂಶಯಕ್ಕೆ ಬಪ್ಪ. ನೀರೇ ನೀರಿನ ಎತ್ತುದು ಹೇಂಗೆ? ನಿಂಗೊ ಕೊಡಪ್ಪಾನ ಸೊಂಟಲ್ಲಿ ಮಡುಗಿ ಬೇಗ ಬೇಗ ನಡದು ಬಪ್ಪಗ ಆರಾರು ಅಡ್ಡ ಬಂದು ಒಂದರಿಯೇ ನಿಂದರೆ ಎಂತ ಆವುತ್ತು? ನೀರು ಮೇಲಂಗೆ ಹಾರಿ ಸೀರೆ ಚೆಂಡಿ ಆವುತ್ತು. ನಾವು ನಿಂದರೂ ನೀರು ನಿಲ್ಲುತ್ತಿಲ್ಲೆ. ಇದೂ ಅಷ್ಟೇ. ತೋಡಿಂಗೆ ಮೇಲೆ ಒಂದು ಕಡೆ ಕಟ್ಟ ಹಾಕಿ, ಅಲ್ಲಿಂದ ಓರೆಗೆ ಕೆಳಂಗೆ ಒಂದು ಕಬ್ಬಿಣದ ಪೈಪು. ಪೈಪಿನ ಕೊಡಿಲಿ ಒಂದು ವಾಲ್ವು, ಅದು ತೆಗದೇ ಇರ್ತು. ನೀರು ಜೋರಾಗಿ ಇಳುದು ಅದರಲ್ಲಿ ಹೆರ ಹೋವುತ್ತು. ಹೋಪ ವೇಗ ಹೆಚ್ಚಾಗಿ ಹೆಚ್ಚಾಗಿ ಅಕೇರಿಗೆ ನೀರೇ ಆ ವಾಲ್ವಿನ ಟಕ್ಕನೆ ಮುಚ್ಚುತ್ತು. ಅಷ್ಟಪ್ಪಗ ಪೈಪಿಲಿಪ್ಪ ಅಷ್ಟೂ ನೀರಿಂಗೆ ಹೋಪಲೆ ದಾರಿ ಇಲ್ಲೆ, ನಿಂಬಲೂ ಎಡಿತ್ತಿಲ್ಲೆ. ಹೆಟ್ಟುತ್ತು. ಹೆಟ್ಟಿದ ಜೋರಿಂಗೆ ಹತ್ತರಾಣ ಎರಡನೇ ವಾಲ್ವು ತೆಗೆತ್ತು, ರಜ ನೀರು ಅದರಲ್ಲಿ ನುಗ್ಗುತ್ತು. ಜೋರು ಮುಗುದಪ್ಪಗ ಎರಡನೇದು ಮುಚ್ಚುತ್ತು, ಸುರೂವಾಣದ್ದು ಪುನಃ ತೆಗೆತ್ತು. ಹೀಂಗೆ ನಿಮಿಷಕ್ಕೆ 40 ಸರ್ತಿ, 50 ಸರ್ತಿ. ಇರುಳೂ ಹಗಲೂ.

ಎರಡನೇ ವಾಲ್ವಿಂದ ಮತ್ತೆ ಒಂದು ಗಾಳಿ ಡಬ್ಬಿ ಇದ್ದು. ಒಳ ನೀರು ನುಗ್ಗುವಗ ಗಾಳಿ ಒತ್ತುತ್ತು, ಮತ್ತೆ ಆ ಗಾಳಿಯೇ ನೀರಿನ ಮೇಲಂಗೆ ನೂಕುತ್ತು. ಅದು ಇಪ್ಪ ಕಾರಣ ಮೇಲೆ ನೀರು ಕೊಕ್ಕಿ ಕೊಕ್ಕಿ ಬಾರದ್ದೆ ಒಂದೇ ಹದಲ್ಲಿ ಬತ್ತು. ಪೈಪುದೆ ಒಡೆತ್ತಿಲ್ಲೆ.

ಧರ್ಮಕ್ಕೆ ಎಂತದೂ ಬತ್ತಿಲ್ಲೆ. ತುಂಬ ನೀರು ರಜ ಕೆಳ ಬಿದ್ದರೆ ರಜ ನೀರು ತುಂಬ ಮೇಲೆ ಹತ್ತುತ್ತು, ಅಷ್ಟೇ ಇದರ ಗುಟ್ಟು. ಹೆಚ್ಚಿನ ನೀರು ಪುನಃ ತೋಡಿಂಗೇ ಹೋವುತ್ತು.

ಲೆಕ್ಕ ಹಾಕುಲೆ ಎರಡು ಎತ್ತರ, ಒಂದು ಬಕೆಟು ಸಾಕು. ಕಟ್ಟಂದ ಪಂಪಿಂಗೆ ನೀರು ಎಷ್ಟು ಇಳಿತ್ತು, ಪಂಪಿಂದ ಟೇಂಕಿಗೆ ಎಷ್ಟು ಹತ್ತೆಕ್ಕು. ಗಾರೆಯವು ಮಟ್ಟ ನೋಡುವ ಕಣ್ಣಿಂಗೆ ಕಾಂಬ ಪೈಪು ಇದ್ದಲ್ಲದಾ, ಅದರ ಬೇಡಿ ತಂದು ಮಗಳೂ ಆನೂ ಮೆಟ್ಟು ಮೆಟ್ಟಿಂಗೆ ಅಳದೆಯೊ. ಇಳಿವದು 10 ಅಡಿ, ಹತ್ತುದು 80 ಅಡಿ. ಹೇಳಿರೆ ಎಂಟರಲ್ಲಿ ಒಂದು ಪಾಲು. ಅದರಲ್ಲಿಯೂ ಪೂರ್ತಿ ಸಿಕ್ಕ. ಪಂಪು ಒಳ್ಳೆದಿದ್ದರೆ ಆ ಪಾಲಿಲಿ ನೂರಕ್ಕೆ 60 ಸಿಕ್ಕುಗು ಹೇಳಿ ಹಿಡಿಯೆಕ್ಕು. ಮತ್ತೆ ನೀರಿನ ಹರಿವು ಎಷ್ಟು ಹೇಳಿ ಬಕೆಟು ಮಡುಗಿ ನೋಡುದು.

ಎಲ್ಲಿ ತಪ್ಪಿತ್ತು ಹೇಳಿರೆ ಈ ಬಕೆಟಿಲಿ.

ಮಗ ಇಂಜಿನಿಯರು. ದೀಪಾವಳಿಗೆ ಬೆಂಗಳೂರಿಂದ ಬಂದಿಪ್ಪಗ ಅವಂಗೆ ಉತ್ಸಾಹ ಆತು. ತೋಡಿಂಗೆ ಹೋಗಿ, ನೀರಿನ ಒಂದು ಪೈಪಿಲಿ ಬಪ್ಪ ಹಾಂಗೆ ಮಾಡಿ, 15 ಲೀಟರಿನ ಬಕೆಟು ಮಡುಗಿ, ಮೊಬೈಲಿಲಿ ಹೊತ್ತು ನೋಡಿದ. 15 ಸೆಕೆಂಡಿಲಿ ತುಂಬಿತ್ತು. ನಿಮಿಷಕ್ಕೆ 60 ಲೀಟರು. ಕಾಗದಲ್ಲಿ ಬರದ: 60ರ ಎಂಟನೇ ಒಂದು ಪಾಲು ಏಳೂವರೆ, ಅದರಲ್ಲಿ ನೂರಕ್ಕೆ 60 ಹೇಳಿರೆ ನಾಲ್ಕೂವರೆ ಲೀಟರು, ದಿನಕ್ಕೆ 6480 ಲೀಟರು. “ಅಮ್ಮಾ, ನಿನಗೆ ಸ್ವಿಮ್ಮಿಂಗ್ ಪೂಲು ಮಾಡ್ಲಕ್ಕು” ಹೇಳಿದ. ಎಲ್ಲೋರೂ ನೆಗೆ ಮಾಡಿದವು, ಆನೂ ಮಾಡಿದೆ.

ಆದರೆ ಅಡಿಗೆ ಒಳಂದ ಹೆರ ಬಂದು ಆನು ಒಂದು ಮಾತು ಹೇಳಿತ್ತಿದ್ದೆ. “ಮಗಾ, ದೀಪಾವಳಿಗೆ ಬಾವಿಲಿಯೂ ನೀರಿರ್ತು. ಎನಗೆ ನೀರು ಬೇಕಪ್ಪದು ಮಾರ್ಚಿಲಿ. ಮಾರ್ಚಿಲಿ ಅಳೆ” ಹೇಳಿ. ಶಿವರಾತ್ರಿ ಕಳುದಪ್ಪಗ ತೋಡಿಲಿ ಕೊಡಪ್ಪಾನ ಮುಳುಗುತ್ತಿಲ್ಲೆ, ಚೆಂಬಿಲಿ ತೋಡಿ ತುಂಬುಸೆಕ್ಕಾವುತ್ತು ಹೇಳಿಯೂ ಹೇಳಿದೆ. ಇವು ಹೇಳಿದವು, “ಅಷ್ಟೆಲ್ಲ ಕಾದರೆ ಕೆಲಸ ಆಗ. ಮಾಣಿ ಇಪ್ಪಗಳೇ ಆಗಲಿ.” ಮಗಂಗೆ ರಜೆ ನಾಲ್ಕು ದಿನ. ಆನು ಮತ್ತೆ ಮಾತಾಡಿದ್ದಿಲ್ಲೆ. ಎಂತಕೆ ಮಾತಾಡಿದ್ದಿಲ್ಲೆ ಹೇಳಿ ಈಗಳೂ ಒಂದೊಂದರಿ ಗ್ರೇಶುತ್ತೆ. ಕಲ್ತವ ಲೆಕ್ಕ ಹಾಕಿಪ್ಪಗ ಅಡಿಗೆ ಮಾಡುವವು ಎಂತರ ಹೇಳುದು ಹೇಳಿ ಆತೋ ಏನೋ.

ಎರಡು ಇಂಚಿನ ಪಂಪು ಬಂತು. ಪೇಟೆಲಿ ವೆಲ್ಡಿಂಗ್ ಮಾಡುವ ಒಬ್ಬ ಮಾಡಿ ಕೊಟ್ಟ. ಕಟ್ಟಂದ ಪಂಪಿಂಗೆ ಸುರೂವಿಂಗೆ ಬೆಳಿ ಪಿವಿಸಿ ಪೈಪು ಹಾಕಿದವು, ಕ್ರಯ ಕಮ್ಮಿ ಹೇಳಿ. ಹೆಟ್ಟು ಬಿದ್ದ ಹಾಂಗೆ ಪೈಪು ಹಾವಿನ ಹಾಂಗೆ ಹಂದಿತ್ತು, ಎರಡು ವಾರಲ್ಲಿ ಜೋಯಿಂಟು ಬಿಟ್ಟತ್ತು. ನೀರಿನ ಪೆಟ್ಟಿನ ಪೈಪೇ ತಿಂದರೆ ಮೇಲಂಗೆ ಹೋಪದು ಎಂತರ? ಅಲ್ಲಿಗೆ ಜಿಐ ಪೈಪೇ ಆಯೆಕ್ಕು. ಉದ್ದವೂ ಮನಸ್ಸಿಂಗೆ ಬಂದ ಹಾಂಗೆ ಆಗ. ಇಳಿವ ಎತ್ತರದ ಐದಾರು ಪಾಲು ಇದ್ದರೆ ಒಳ್ಳೆದು. ಎಂಗಳಲ್ಲಿ 20 ಅಡಿಯ ಮೂರು ಪೈಪು, 60 ಅಡಿ. ಪಂಪಿಂದ ಮೇಲೆ ಮನಗೆ ಹೋಪಲೆ ಮಾತ್ರ ಸಾದಾ ಕರಿ ಪೈಪು ಸಾಕು.

ಜಿಐ ಹಾಕಿದ ಮತ್ತೆ ನೀರು ಬಂತು. ಆ ದಿನವ ಆನು ಮರೆಯೆ. ಟೇಂಕಿನ ಬಾಯಿಲಿ ಬೆರಳು ದಪ್ಪದ ನೀರು. ಕರೆಂಟಿಲ್ಲೆ, ಸ್ವಿಚ್ಚಿಲ್ಲೆ. ಅತ್ತೆ ಕೈ ಮುಗುದವು. ದಶಂಬ್ರ, ಜನವರಿ ಪೂರಾ ಊರಿನವು ನೋಡ್ಲೆ ಬಂದವು.

ಫೆಬ್ರವರಿ ಅಕೇರಿಗೆ ಶಬ್ದ ಕುಂಟುಲೆ ಸುರು ಆತು. ವಾಲ್ವಿನ ತೂಕ ರಜ ತೆಗದು ಹಗುರ ಮಾಡಿದವು, ಇನ್ನೊಂದು ಎಂಟು ದಿನ ಹೋತು. ಮತ್ತೆ ನಿಂದತ್ತು. ಹಾಳಾದ್ದಲ್ಲ. ಎರಡು ಇಂಚಿನ ಪೈಪಿಲಿ ವೇಗ ಬರೆಕ್ಕಾರೆ ಅದಕ್ಕೆ ತಕ್ಕ ನೀರು ಬೇಕು. ನೀರು ಕಮ್ಮಿ ಆದರೆ ಕಟ್ಟಲ್ಲಿ ಮಟ್ಟ ಇಳುದು ಪೈಪಿಂಗೆ ಗಾಳಿ ಎಳೆತ್ತು, ವಾಲ್ವು ಮುಚ್ಚುವಷ್ಟು ಜೋರು ಬತ್ತಿಲ್ಲೆ. ಬಾಯಿ ತೆಗದು ಕೂರ್ತು, ನೀರು ಸುಮ್ಮನೆ ಹರುದು ಹೋವುತ್ತು. ಬಾವಿ ಒಣಗಿದ ವಾರಲ್ಲಿಯೇ ಪಂಪುದೆ ನಿಂದತ್ತು. “ಬಪ್ಪ ವರ್ಷ ನೋಡುವ” ಹೇಳಿದವು.

ಆ ಮಾರ್ಚಿಲಿ ಆನು ಎರಡು ದಿನ ಒಂದು ಮದುವಗೆ ಹೋಗಿತ್ತಿದ್ದೆ. ಟೇಂಕಿಲಿ ನೀರು ತುಂಬುಸಿಯೇ ಹೋಗಿತ್ತಿದ್ದೆ, ಆದರೆ ಒಂದು ದನ ಕಂಜಿ ಹಾಕಿತ್ತು, ನೀರು ಬೇಗ ಮುಗುತ್ತು. ಇವು ಪೇಟಗೆ ಹೋಗಿತ್ತಿದ್ದವು. ಅತ್ತೆಗೆ ಆಗ 74. ಸಣ್ಣ ಕೊಡಪ್ಪಾನ ತೆಕ್ಕೊಂಡು ಇಳುದವು. ಬಪ್ಪಗ ಮೇಲೆಂದ ಇಪ್ಪತ್ತೋ ಮೂವತ್ತೋ ಮೆಟ್ಟು ಒಳುದಿಪ್ಪಗ ಜಾರಿದವು. ಸೊಂಟದ ಎಲುಬು. ಒಬ್ಬನೇ ಒಬ್ಬ ಆಳು ತೋಟಲ್ಲಿತ್ತಿದ್ದ, ಅವ ಕೇಳಿದ ಕಾರಣ ಆತು. ಆಪರೇಶನು ಆತು, ಈಗ ಕೋಲು ಹಿಡುದು ಜಾಲಿನವರೆಗೆ ಬತ್ತವು. ಮೆಟ್ಟು ಇಳಿವಲೆ ಇನ್ನು ಎಡಿಯ.

ಆರನ್ನೂ ದೂರುಲೆ ಬರೆತ್ತಾ ಇಪ್ಪದಲ್ಲ. ಮಗ ಆ ದಿನ ಫೋನಿಲಿ ಕೂಗಿದ. “ಅಮ್ಮಾ, ನೀನು ಹೇಳಿತ್ತಿದ್ದೆ” ಹೇಳಿದ. ಎನಗೆ ಪಿಸುರು ಬಂದದು ಎನ್ನ ಮೇಲೆಯೇ.

ಅದೇ ಮಾರ್ಚಿಲಿ, ಅತ್ತೆ ಆಸ್ಪತ್ರೆಂದ ಬಂದ ಮರುದಿನ, ಆನೇ ಬಕೆಟು ತೆಕ್ಕೊಂಡು ಹೋದೆ. 15 ಲೀಟರು ತುಂಬುಲೆ 36 ಸೆಕೆಂಡು. ನಿಮಿಷಕ್ಕೆ 25 ಲೀಟರು. ತೋಡಿಂಗೆ 5 ಬಿಟ್ಟು 20 ಪಂಪಿಂಗೆ ಹೇಳಿ ಹಿಡುದೆ. 20ರ ಎಂಟನೇ ಒಂದು ಪಾಲು ಎರಡೂವರೆ, ಅದರಲ್ಲಿ ನೂರಕ್ಕೆ 60 ಒಂದೂವರೆ ಲೀಟರು. ಒಂದೂವರೆ ಲೀಟರು ಹೇಳಿರೆ ಗೆಂಡುಮಕ್ಕೊಗೆ ನೆಗೆ ಬತ್ತು. ಒಂದು ಚೆಂಬು! ಆದರೆ ಆ ಚೆಂಬು ಇರುಳು ನಾವು ಒರಗಿಪ್ಪಗಳೂ ಬತ್ತಲ್ಲದಾ. ಗಂಟಗೆ 90, ದಿನಕ್ಕೆ 2160 ಲೀಟರು. 12 ಲೀಟರು ಹಿಡಿವ ಕೊಡಪ್ಪಾನ ಆದರೆ 180. ಎರಡು ಹೆಮ್ಮಕ್ಕೊ ಸೊಂಟ ಮುರುದು 20 ಹೊತ್ತುಗೊಂಡಿದ್ದಲ್ಲಿ 180!

ಮತ್ತೆ ಎಂಗೊಗೆ ಬೇಕಪ್ಪದೆಷ್ಟು ಹೇಳಿ ಕೂದು ಬರದೆ. ಇದರ ಮದಲು ಆರೂ ಬರದಿತ್ತಿದ್ದವಿಲ್ಲೆ. ಅಡಿಗೆ, ಪಾತ್ರೆ, ಮೀಯಾಣ, ವಸ್ತ್ರ, ಹಟ್ಟಿ ತೊಳವಲೆ, ಮೂರು ದನಗೊಕ್ಕೆ, ನಾಲ್ಕು ಬೆಂಡೆ ಸೆಸಿಗೆ. ಎಷ್ಟು ಧಾರಾಳ ಹಿಡುದರೂ 1100 ಲೀಟರಿಂದ ಮೇಲೆ ಹೋಯಿದಿಲ್ಲೆ. ತೋಟ ಹೇಂಗೂ ಕೆಳ ಇದ್ದು, ಅದಕ್ಕೆ ಈ ಪಂಪೇ ಬೇಡ. ಅಂಬಗ 6480 ಲೀಟರು ಆರಿಂಗೆ? ದೊಡ್ಡ ಲೆಕ್ಕ ಕಾಂಬಗ ಕೊಶಿ ಆವುತ್ತು, ಅಷ್ಟೇ. ಒಂದು ಇಂಚಿನ ಸಣ್ಣ ಪಂಪು, ನಿಮಿಷಕ್ಕೆ 20 ಲೀಟರಿಲಿ ಓಡುವ ಹಾಂಗಿಪ್ಪದು, ಮೇ ತಿಂಗಳಿಲಿ ತೋಡು ಕಟ್ಟುವವರೆಗೆ ಎನಗೆ ನೀರು ಕೊಡ್ತು. ಅದು ಸಾಕು ಹೇಳಿ ಹಟ ಹಿಡುದೆ. ಎನ್ನ ಅಪ್ಪನ ಮನೆಂದ ಕೊಟ್ಟ ಪೈಸೆ ರಜ ಇತ್ತು, ಅದರ ಹಾಕಿದೆ. ಪೈಪು, ಪಂಪು, ಸಿಮೆಂಟು ಎಲ್ಲ ಸೇರಿ 30 ಸಾವಿರದ ಹತ್ತರೆ ಆತು. ಆ ಪಂಪು ಈಗ ಎಂಟನೇ ವರ್ಷಲ್ಲಿದ್ದು.

ಹಾಂಗಾಗಿ ಆನು ಹೇಳುದು, ತೋಡಿನ ಅಳವದಾದರೆ ಅದು ಬಡವಾಗಿಪ್ಪಗ ಅಳೆಯೆಕ್ಕು. ಅದು ಏವಗ ಹೇಳಿ ಬೇಂಕಿಂಗೆ ಹೋಪವಕ್ಕೆ ಗೊಂತಿರ್ತಿಲ್ಲೆ, ಪಾತ್ರೆ ತೊಳವವಕ್ಕೆ ಗೊಂತಿರ್ತು.

ಇನ್ನು ಪಂಪು ಮಾಡುವವಕ್ಕೆ ಒಂದೆರಡು ಮಾತು. ಡಿಸೈನು ಹೇಳಿರೆ ನೀರು ಹತ್ತಿತ್ತು ಹೇಳುವಲ್ಲಿಗೆ ಮುಗಿತ್ತಿಲ್ಲೆ. ದಿನಾ ಅದರ ನೋಡಿಗೊಂಬದು ಆರು? ಸೋಗೆ ಕಸವು, ತರಗೆಲೆ, ಒಂದೊಂದರಿ ಏಡಿ, ಎಲ್ಲ ಪೈಪಿನ ಬಾಯಿಗೆ ಬಂದು ಕೂರ್ತು. ಸುರೂವಾಣ ಪಂಪಿಲಿ ನೆಟ್ಟು ಮಡುಗಿದ್ದು ಸೊಂಟದವರೆಗೆ ನೀರಿಪ್ಪ ಗುಂಡಿಲಿ. ಸೀರೆ ಸುತ್ತಿ ಅಲ್ಲಿಗೆ ಇಳಿವದು ಹೇಂಗೆ? ಈಗ ಕರೆಲಿಯೇ ಒಂದು ಸಣ್ಣ ಸಿಮೆಂಟಿನ ತೊಟ್ಟಿ ಮಾಡಿ, ತೋಡಿನ ನೀರು ಅಲ್ಲಿಗೆ ಬಂದು, ಕಸವು ಅಲ್ಲಿಯೇ ಒಳುದು, ಮತ್ತೆ ಪೈಪಿಂಗೆ ಹೋಪ ಹಾಂಗೆ ಮಾಡ್ಸಿದ್ದೆ. ನಿಂದಲ್ಲಿಂದಲೇ ಕೈ ಹಾಕಿ ತೆಗವಲಕ್ಕು.

ವಾಲ್ವಿನ ರಬ್ಬರು ಸವೆತ್ತು, ವರ್ಷಕ್ಕೊಂದರಿ ಬದಲುಸೆಕ್ಕು. ಹಳೇ ಟಯರಿನ ತುಂಡು ಆವುತ್ತು. ಸುರೂವಾಣದ್ದಕ್ಕೆ ನಾಲ್ಕು ನಮುನೆಯ ಬೋಲ್ಟು, ನಾಲ್ಕು ಸ್ಪಾನರು ಬೇಕು. ಎರಡನೇದು ಮಾಡ್ಸುವಗ ವೆಲ್ಡಿಂಗಿನವನತ್ರೆ ಹೇಳಿದೆ, “ಎಲ್ಲ ಬೋಲ್ಟೂ ಒಂದೇ ಅಳತೆ ಇರಲಿ, ಒಂದೇ ಸ್ಪಾನರು ಸಾಕಪ್ಪ ಹಾಂಗೆ.” ಅವ ಎನ್ನ ಮೋರೆ ನೋಡಿದ. “ನಿಂಗಳೇ ಬಿಚ್ಚುದೋ ಅಕ್ಕಾ?” ಕೇಳಿದ. ಅಪ್ಪು, ಆನೇ ಹೇಳಿದೆ. ಮತ್ತೆ ಅವನೇ ಮಂಡೆ ಓಡ್ಸಿ ಹಿಡಿಕೆ ಒಂದು ಹಾಕಿ ಕೊಟ್ಟ, ಎತ್ತಿ ತೆಗವಲೆ. ಮಳೆಗಾಲಲ್ಲಿ ತೋಡಿಲಿ ಬೆಳ್ಳ ಬಪ್ಪಗ ಪಂಪಿನ ಬಿಚ್ಚಿ ಮೇಲೆ ತಂದು ಮಡುಗುತ್ತೆಯೊ, ಕಟ್ಟಲ್ಲಿ ಸಿಮೆಂಟಿನ ಪೀಠ ಮಾತ್ರ ಒಳಿತ್ತು. ಮಳೆಗಾಲಲ್ಲಿ ಬಾವಿ ಇದ್ದಲ್ಲದಾ.

ಗಾಳಿ ಡಬ್ಬಿಯ ಸಂಗತಿ ಆರೂ ಹೇಳಿತ್ತಿದ್ದವಿಲ್ಲೆ, ಪೆಟ್ಟು ತಿಂದು ಕಲ್ತದು. ಡಬ್ಬಿಯ ಗಾಳಿ ಮೆಲ್ಲಂಗೆ ನೀರಿಲಿ ಕರಗಿ ಹೋವುತ್ತು. ಗಾಳಿ ಮುಗುದರೆ ಶಬ್ದ ಬದಲುತ್ತು, ಟಕ್ ಟಕ್ ಹೇಳುದು ಕಬ್ಬಿಣಕ್ಕೆ ಸುತ್ತಿಗೆಲಿ ಬಡುದ ಹಾಂಗೆ ಕೇಳ್ತು, ಮತ್ತೆ ಪೈಪು ಒಡಗು. ಎರಡನೇ ವಾಲ್ವಿನ ರಜ ಕೆಳ ಸೂಜಿ ಒಟ್ಟೆಯ ಹಾಂಗಿಪ್ಪದು ಒಂದು ಇರೆಕ್ಕು, ಒಂದೊಂದು ಪೆಟ್ಟಿಂಗೂ ಅಲ್ಲಿಂದ ರಜ ರಜ ಗಾಳಿ ಒಳ ಹೋಪಲೆ. ಆ ಒಟ್ಟೆಂದ ನೀರು ಚಿಮ್ಮುದು ಕಂಡು ಲೀಕು ಹೇಳಿ ಇವು ಎಂಸೀಲು ಹಾಕಿ ಮುಚ್ಚಿತ್ತಿದ್ದವು! ಆ ಸರ್ತಿ ಶಬ್ದ ಬದಲಿದ್ದು ಸುರೂವಿಂಗೆ ಗೊಂತಾದ್ದು ಅತ್ತೆಗೆ. ಅವರ ಮಂಚ ತೋಡಿನ ಹೊಡೆಯಾಣ ಕೋಣೆಲಿ ಇಪ್ಪದು, ಇರುಳು ಅವಕ್ಕೆ ಒರಕ್ಕು ಕಮ್ಮಿ. ಆ ಟಕ್ ಟಕ್ ನಿಂದರೆ ಎದ್ದು ಕೂದು ಎನ್ನ ದೆನಿಗೇಳುಗು, “ರಾಮ ನಿಂದಿದ, ನೋಡು” ಹೇಳಿ.

ಫಿಲಿಪೈನ್ಸ್ ದೇಶಲ್ಲಿ ನೀಗ್ರೋಸ್ ಹೇಳ್ತ ದ್ವೀಪ ಇದ್ದು. ಅಲ್ಲಿ ಏಡ್‌ಫಿ ಹೇಳ್ತ ಒಂದು ಸಂಸ್ಥೆಯವು ಗುಡ್ಡೆ ಮೇಲಾಣ ಊರುಗೊಕ್ಕೆ ಇದೇ ನಮುನೆಯ ಪಂಪು ಹಾಕಿ ಕೊಟ್ಟು, 2007ಲಿ ಆಶ್ಡೆನ್ ಪ್ರಶಸ್ತಿ ತೆಕ್ಕೊಂಡಿದವು. ಅವು ಪಂಪು ಹಾಕಿಕ್ಕಿ ಹೋಪದಲ್ಲ, ಊರಿನವಕ್ಕೇ ಬಿಚ್ಚಿ ಜೋಡುಸುಲೆ ಕಲುಶುತ್ತವು ಹೇಳಿ ಮಗಳು ಓದಿ ಹೇಳಿತ್ತು. ಎನಗೆ ಅದು ಸರಿ ಕಂಡತ್ತು. ಎಂಗಳಲ್ಲಿ ಪಂಪು ಕೊಡುವವು ಬಿಲ್ಲಿನ ಯಜಮಾನನ ಹೆಸರಿಲಿ ಬರೆತ್ತವು, ಹೇಳಿ ಕೊಡುದೂ ಅವಂಗೇ, ಅವ ಪೇಟಗೆ ಹೋದರೆ ಪಂಪು ನಿಂದತ್ತು.

ಎಲ್ಲ ಕಡೆಗೂ ಇದು ಆವುತ್ತು ಹೇಳಿ ಆನು ಹೇಳ್ತಿಲ್ಲೆ. ತೋಡು ಸಮ ಇದ್ದರೆ, ನೀರು ಇಳಿವಲೆ ಮೂರು ನಾಲ್ಕು ಅಡಿಯಾದರೂ ಇಲ್ಲದ್ದರೆ ಸುಮ್ಮನೆ ಪೈಸೆ ಹಾಕೆಡಿ. ಬಾವಿಂದ ಎತ್ತುಲೆ ಇದು ಅಲ್ಲ. ಬೆಶಿಲು ಲಾಯ್ಕ ಬೀಳ್ತ ಜಾಗೆ ಇಪ್ಪವು ಸೋಲಾರು ಹಾಕಿ. ಎಂಗಳಲ್ಲಿ ಮಾವಿನ ಮರವೂ ಹಲಸಿನ ಮರವೂ ಕಡಿಯೆಕ್ಕಕ್ಕು, ಅದಕ್ಕೆ ಎನ್ನ ಮನಸ್ಸಿಲ್ಲೆ. ಮತ್ತೆ ತೋಡಿನ ನೀರು ಕುಡಿವದಾದರೆ ಕೊದುಶಿಯೇ ಕುಡಿಯಿರಿ, ಪಂಪು ನೀರಿನ ಎತ್ತುತ್ತು, ತೊಳೆತ್ತಿಲ್ಲೆ.

ಕೆಳಾಣ ಮನೆ ಅಕ್ಕಂಗೆ ಸುರೂವಿಂಗೆ ಬೇಜಾರಾಗಿತ್ತು. “ನೀರು ಪೂರಾ ಮೇಲೆ ಎಳದರೆ ಎಂಗೊ ಎಂತ ಮಾಡುದು?” ಹೇಳಿ ಎನ್ನತ್ರೆ ಅಲ್ಲ, ಬೇರೆಯವರತ್ರೆ ಹೇಳಿತ್ತಡ. ಆನು ಕರಕ್ಕೊಂಡು ಹೋಗಿ ತೋರುಸಿದೆ. ಇಪ್ಪತ್ತರಲ್ಲಿ ಹದಿನೆಂಟೂವರೆ ತೋಡಿಂಗೇ ವಾಪಾಸು. ಅದು ನೋಡಿತ್ತು, ಮತ್ತೆ ಹೇಳಿತ್ತು, “ಆ ಒಂದೂವರೆ ಏಪ್ರಿಲಿಲಿ ಎನ್ನದಲ್ಲದಾ?” ಹೇಳಿ. ಅದರ ಮಾತು ಲೊಟ್ಟೆ ಅಲ್ಲ. ಏಪ್ರಿಲಿಲಿ ದಿನಕ್ಕೆ ಎರಡು ಸಾವಿರ ಲೀಟರು ಅದರ ತೋಡಿಂಗೆ ಕಮ್ಮಿಯೇ. ಹಾಂಗಾಗಿ ವಿಷು ಕಳುದ ಮತ್ತೆ ಎಂಗೊ ಇರುಳು ಮಾತ್ರ ಪಂಪು ಓಡುಸುದು, ಹಗಲು ನಿಲ್ಲುಸುದು ಹೇಳಿ ಮಾತಾಡಿಗೊಂಡಿದೆಯೊ. ಅಷ್ಟಾದರೂ ಎಂಗೊಗೆ ಸಾವಿರದ ಹತ್ತರೆ ಸಿಕ್ಕುತ್ತು, ಬೆಂಡೆ ಸೆಸಿಗೆ ಎರೆಯದ್ದರೆ ಆತು. ಅದಕ್ಕೂ ಸಮಾಧಾನ. ಇದು ಏವ ಇಂಜಿನಿಯರನ ಕಾಗದಲ್ಲಿಯೂ ಇಲ್ಲೆ.

ಇನ್ನೊಂದು ಲೆಕ್ಕ ಬಾಕಿ ಇದ್ದು. ಮಾರ್ಚಿಲಿ 2160 ಬತ್ತು, ಎಂಗೊಗೆ 1100 ಸಾಕು. ಟೇಂಕು ತುಂಬಿದ ಮತ್ತೆ ನಳ್ಳಿ ಕಟ್ಟುಲೆ ಆಗ, ಪಂಪಿಂಗೆ ಕೇಡು; ಹೆಚ್ಚಾದ್ದು ತುಂಬಿ ಹೆರ ಹೋಪಲೇ ಬೇಕು. ಆ ಸಾವಿರ ಲೀಟರು ಈಗ ಜಾಲಿನ ಕರೆಲಿ ಹೊಸತ್ತಾಗಿ ನೆಟ್ಟ ಬಾಳೆಗೆ ಹೋವುತ್ತು. ಗುಡ್ಡೆಯ ಆಚ ಹೊಡೆಲಿ ಚಿಕ್ಕಮ್ಮ ಒಬ್ಬನೇ ಇಪ್ಪದು. 68 ವರ್ಷ. ಮಕ್ಕೊ ಇಬ್ರೂ ಹೆರ. ಇಂದಿಂಗೂ ಮಾರ್ಚಿಲಿ ತೋಡಿಂದ ನೀರು ಹೊರ್ತವು, ಎಂಗಳ ಅತ್ತೆ ಬಿದ್ದ ಅದೇ ಮೆಟ್ಟಿನ ಅರ್ಧವರೆಗೆ ಬಂದು ಎಡತ್ತಿಂಗೆ ತಿರುಗಿ ಹೋಪದು. ಅವರ ಮನೆ ಎಂಗಳ ಟೇಂಕಿಂದ ಕೆಳ. 400 ಅಡಿ ಪೈಪು ಹಾಕಿರೆ ನೀರು ಆಗಿಯೇ ಹರುದು ಹೋಕು, ಎನ್ನ ಅಪ್ಪನ ಮನೆಯ ಸುರಂಗದ ಹಾಂಗೆ. ಆನು ಎರಡು ವರ್ಷಂದ ಹೇಳ್ತಾ ಇದ್ದೆ. ಇವು “ಬಾಳೆ ಒಂದು ಗೊನೆ ಹಾಕಲಿ” ಹೇಳ್ತವು. ಚಿಕ್ಕಮ್ಮನ ಕೇಳಿರೆ “ಎನಗೆಂತಕೆ ಮಾರಾಯ್ತಿ, ಎರಡು ಕೊಡಪ್ಪಾನ ಸಾಕು” ಹೇಳ್ತವು. ಅತ್ತೆಯೂ ಹಾಂಗೆಯೇ ಹೇಳಿಗೊಂಡಿತ್ತಿದ್ದವು.

ಮನ್ನೆ ಪೇಟಗೆ ಹೋಗಿಪ್ಪಗ ಅರ್ಧ ಇಂಚಿನ ಕರಿ ಪೈಪಿನ ಕ್ರಯ ಕೇಳಿಕ್ಕಿ ಬೈಂದೆ. ಮಗ ಶಿವರಾತ್ರಿಗೆ ಬತ್ತೆ ಹೇಳಿದ್ದ, ಈ ಸರ್ತಿ ದೀಪಾವಳಿಗೆ ಅಲ್ಲ. ಬಕೆಟು ತೊಳದು ಮಡುಗಿದ್ದೆ. ಅತ್ತಿಗೇ, ಲೊಟ್ಟೆಯೋ ಅಪ್ಪೋ ಹೇಳಿ ನೀನುದೆ ಬಂದು ನೋಡು. ಮೆಟ್ಟು ಇಳಿವಗ ಮಾತ್ರ ಜಾಗ್ರತೆ.